ಪ್ರಾಚೀನ ವೈದ್ಯಶಾಸ್ತ್ರದಲ್ಲಿ ಫುಪ್ಫುಸರೋಗಗಳ ವಿಚಾರ

೧. ವಿಷಯನಿರ್ದೇಶ

ಸಂಸ್ಕೃತ ಕನ್ನಡ ಗ್ರಂಥಗಳಲ್ಲಿ ಯಕ್ಷ್ಮ, ರಾಜಯಕ್ಷ್ಮ, ಕ್ಷಯ, ಶೋಷ, ಕಾಸ, ಶ್ವಾಸ ಎಂಬ ರೋಗನಾಮಗಳು ಅನೇಕ ಸ್ಥಳಗಳಲ್ಲಿ ಬರುತ್ತವೆ. ಪಾಠ ಹೇಳುವವರು ಕ್ಷಯವೆಂಬುದಕ್ಕೆ ಟಿ.ಬಿ. ಎಂದೂ, ಶ್ವಾಸವೆಂಬುದಕ್ಕೆ ಉಬ್ಬಸವೆಂದೂ ಅರ್ಥವನ್ನು ಬರೆಯಿಸಿ ಮುಂದೆ ಸಾಗುವುದು ರೂಢಿಯಾಗಿದೆ. ಈ ಅರ್ಥಗಳು ಪೂರ್ಣವಾಗಿ ತಪ್ಪಲ್ಲ. ಆದರೆ ಪೂರ್ಣವಾಗಿ ಸರಿಯೂ ಅಲ್ಲ. ಇಂದಿನ ವೈದ್ಯನು ಒಂದು ಅವಯವವನ್ನೂ ಅದನ್ನು ಹಿಡಿದ ಒಂದು ಸೂಕ್ಷ್ಮಜೀವಿಯನ್ನೂ ಮನಸ್ಸಿನಲ್ಲಿಟ್ಟುಕೊಂಡು ರೋಗಕ್ಕೆ ಹೆಸರಿಡುತ್ತಾನೆ. ಪ್ರಾಚೀನ ಆಚಾರ್ಯರಾದರೋ ರೋಗಿಯ ದೇಹದಲ್ಲಿ ಕಾಣುವ ಲಕ್ಷಣಸಮೂಹವನ್ನೂ, ಆ ಲಕ್ಷಣಗಳಿಗೆ ಮೂಲವಾದ ದೋಷಗತಿಯನ್ನೂ ನೋಡಿ ಹೆಸರಿಟ್ಟರು. ಆದುದರಿಂದ ಎರಡು ಹೆಸರುಗಳನ್ನು ಸಮೀಕರಿಸುವುದಕ್ಕೆ ಮೊದಲು, ಶ್ವಾಸಕೋಶವೆಂಬ ಅವಯವವನ್ನು ಪ್ರಾಚೀನರು ಹೇಗೆ ತಿಳಿದಿದ್ದರು, ಅದರ ರೋಗಗಳನ್ನು ಎಲ್ಲಿ ಸೇರಿಸಿದರು, ಯಾವ ಚಿಕಿತ್ಸೆಯನ್ನು ವಿಧಿಸಿದರು, ಆ ಚಿಕಿತ್ಸೆಯು ಕರ್ಣಾಟಕಕ್ಕೆ ಬಂದಾಗ ಯಾವ ಮಾರ್ಪಾಟನ್ನು ಹೊಂದಿತು ಎಂಬುದನ್ನು ವಿಚಾರಿಸುವುದು ಅವಶ್ಯವಾಗಿದೆ.

೨. ವೇದದಲ್ಲಿ ಯಕ್ಷ್ಮಶಬ್ದ

ಯಕ್ಷ್ಮವೆಂಬುದು ವೇದದಲ್ಲಿ ಒಂದು ನಿಯತವಾದ ರೋಗದ ಹೆಸರಲ್ಲ. ದೇಹವನ್ನು ಕೃಶಗೊಳಿಸುವ ವ್ಯಾಧಿಮಾತ್ರಕ್ಕೆ ಅದು ಸಾಮಾನ್ಯಸಂಜ್ಞೆ. ಋಗ್ವೇದದ ಹತ್ತನೆಯ ಮಂಡಲದ ೧೬೩ನೆಯ ಸೂಕ್ತದಲ್ಲಿ ಕಣ್ಣು, ಮೂಗು, ಕಿವಿ ಮೊದಲಾಗಿ ಒಂದೊಂದು ಅಂಗದಿಂದಲೂ ಯಕ್ಷ್ಮವನ್ನು ಹೊರಡಿಸುವ ವಿಧಿಯಿದೆ. ಇದೇ ಮಂತ್ರಸಮೂಹದ ಅಥರ್ವವೇದಪಾಠದಲ್ಲಿ ಹೃದಯದೊಡನೆ ಕ್ಲೋಮವೆಂಬ ಅವಯವದ ಹೆಸರೂ ಬರುತ್ತದೆ. ಈ ಕ್ಲೋಮದ ವಿಚಾರವು ಮುಂದೆ ಬರುವುದು. ಋಗ್ವೇದದ ೧೬೧ನೆಯ ಸೂಕ್ತವು ಅಜ್ಞಾತಯಕ್ಷ್ಮವೆಂದೂ ರಾಜಯಕ್ಷ್ಮವೆಂದೂ ಎರಡನ್ನು ಬೇರೆಯಾಗಿ ಹೇಳುತ್ತದೆ. ಹೆಸರು ತಿಳಿಯದ ಯಕ್ಷ್ಮಗಳ ನಡುವೆ ಹೆಸರುಳ್ಳ ಒಂದು ಯಕ್ಷ್ಮವು ಆಗಲೇ ಪ್ರತ್ಯೇಕವಾಗಿದ್ದಿತೆಂಬುದು ಇದರಿಂದ ತಿಳಿಯುತ್ತದೆ. ಅಥರ್ವವೇದದ ಆರನೆಯ ಕಾಂಡದಲ್ಲಿ ಕೆಮ್ಮನ್ನು ಮನಸ್ಸಿನ ವೇಗಕ್ಕೂ ಬಾಣದ ವೇಗಕ್ಕೂ ಹೋಲಿಸಿ ದೂರಕ್ಕೆ ಕಳುಹುವ ಒಂದು ಚಿಕ್ಕ ಸೂಕ್ತವುಂಟು.

ರಾಜಯಕ್ಷ್ಮವೆಂಬ ಹೆಸರಿಗೆ ಕಥೆಯೊಂದು ತೈತ್ತಿರೀಯಸಂಹಿತೆಯಲ್ಲಿ ಬರುತ್ತದೆ. ಪ್ರಜಾಪತಿಯು ತನ್ನ ೩೩ ಮಂದಿ ಕುಮಾರಿಯರನ್ನು ರಾಜನಾದ ಸೋಮನಿಗೆ ಕೊಡಲು, ಅವನು ರೋಹಿಣಿಯೊಬ್ಬಳಲ್ಲಿಯೇ ಅನುರಕ್ತನಾಗಿ ಯಕ್ಷ್ಮಗ್ರಸ್ತನಾದನೆಂಬುದು ಅದರ ಸಾರ. ಪುರಾಣಗಳಲ್ಲಿ ಈ ಕುಮಾರಿಯರು ದಕ್ಷನ ಮಕ್ಕಳಾದ ೨೭ ನಕ್ಷತ್ರಗಳಾಗುತ್ತಾರೆ. ಚರಕನು ಈ ಕಥೆಯನ್ನು ಚಿಕಿತ್ಸಾಸ್ಥಾನದ ಎಂಟನೆಯ ಅಧ್ಯಾಯದ ಆರಂಭದಲ್ಲಿಟ್ಟು, ಅಶ್ವಿನೀದೇವತೆಗಳು ಚಂದ್ರನನ್ನು ಗುಣಪಡಿಸಿದರೆಂದು ಮುಗಿಸುತ್ತಾನೆ. ಇದನ್ನು ಕೇವಲ ಅರ್ಥವಾದವೆಂದು ಬಿಡಲಾಗದು. ದಿನದಿನಕ್ಕೆ ಕಲೆಗುಂದುವ ಚಂದ್ರನು ದಿನದಿನಕ್ಕೆ ಸೊರಗುವ ರೋಗಿಗೆ ಉಪಮಾನ. ಚಂದ್ರನು ಮತ್ತೆ ತುಂಬುವನೆಂಬುದು ಚಿಕಿತ್ಸಕನ ಆಶೆಗೆ ಆಧಾರ. ಕ್ಷಯವೆಂಬ ಪದವು ಚಂದ್ರನಿಗೂ ರೋಗಿಗೂ ಸಮಾನವಾದುದರಿಂದ ಕವಿಗಳಿಗೆ ಶ್ಲೇಷಕ್ಕೆ ಬೇಕಾದ ಸಾಮಗ್ರಿಯು ಇಲ್ಲಿಂದಲೇ ದೊರೆಯಿತು.

೩. ಫುಪ್ಫುಸದ ಸ್ಥಾನ ಮತ್ತು ಕರ್ಮ

ಇಂದಿನ ಕನ್ನಡದಲ್ಲಿ ಬಳಕೆಯಲ್ಲಿರುವ ಶ್ವಾಸಕೋಶವೆಂಬ ಪದವು ಅವಯವದ ಕರ್ಮವನ್ನು ಹೆಸರಿನಲ್ಲಿಯೇ ತಿಳಿಸುತ್ತದೆ. ಹಳೆಯ ಫುಪ್ಫುಸಶಬ್ದವು ಹಾಗಲ್ಲ. ಅದರಲ್ಲಿ ಉಸಿರಿನ ಮಾತಿಲ್ಲ. ಸುಶ್ರುತನು ಶಾರೀರಸ್ಥಾನದ ನಾಲ್ಕನೆಯ ಅಧ್ಯಾಯದಲ್ಲಿ ಫುಪ್ಫುಸವು ರಕ್ತದ ನೊರೆಯಿಂದ ಹುಟ್ಟಿತೆಂದೂ, ಹೃದಯದ ಕೆಳಗೆ ಎಡಕ್ಕೆ ಪ್ಲೀಹ ಮತ್ತು ಫುಪ್ಫುಸಗಳೂ ಬಲಕ್ಕೆ ಯಕೃತ್ತು ಮತ್ತು ಕ್ಲೋಮಗಳೂ ಇರುವವೆಂದೂ ಹೇಳಿದ್ದಾನೆ. ಇದೇ ಆಚಾರ್ಯನು ಮುಂದಿನ ಅಧ್ಯಾಯದಲ್ಲಿ ಶವವನ್ನು ಹರಿಯುವ ನೀರಿನಲ್ಲಿ ಏಳು ರಾತ್ರಿ ಇರಿಸಿ, ಬಳಿಕ ಮೆಲ್ಲಮೆಲ್ಲನೆ ಉಜ್ಜಿ, ಒಳಗಿನ ಅಂಗಗಳನ್ನು ಕಣ್ಣಿನಿಂದಲೇ ನೋಡಬೇಕೆಂದು ವಿಧಿಸಿದವನು. ಶ್ವಾಸಕೋಶವನ್ನು ಕೊಯ್ದು ಒತ್ತಿದರೆ ರಕ್ತಮಿಶ್ರವಾದ ನೊರೆಯು ಬರುವುದು ಪ್ರತ್ಯಕ್ಷಸಿದ್ಧ. ರಕ್ತಫೇನದಿಂದ ಹುಟ್ಟಿದುದೆಂಬ ಮಾತಿಗೆ ಇಂತಹ ದರ್ಶನವೇ ಮೂಲವಾಗಿರಬಹುದೆಂದು ಊಹಿಸುವುದು ಅಯುಕ್ತವಲ್ಲ.

ಆದರೆ ಕಂಡ ಅವಯವಕ್ಕೂ ಉಸಿರಿಗೂ ಇರುವ ಸಂಬಂಧವನ್ನು ಸಂಹಿತೆಗಳು ಹೇಳುವುದಿಲ್ಲ. ಪ್ರಾಣವಹಸ್ರೋತಸ್ಸುಗಳಿಗೆ ಮೂಲವು ಹೃದಯ ಮತ್ತು ಮಹಾಸ್ರೋತಸ್ಸೆಂದು ಚರಕನ ಮತ. ಹೃದಯ ಮತ್ತು ರಸವಾಹಿನಿಗಳಾದ ಧಮನಿಗಳೆಂದು ಸುಶ್ರುತನ ಮತ. ಎರಡರಲ್ಲಿಯೂ ಫುಪ್ಫುಸದ ಹೆಸರಿಲ್ಲ. ಕ್ಲೋಮವೆಂಬುದನ್ನು ಅಮರಸಿಂಹನು ತಿಲಕವೆಂಬ ಪರ್ಯಾಯದೊಡನೆ ಹೇಳುತ್ತಾನೆ. ಅದು ಯಾವ ಅವಯವವೆಂಬುದರಲ್ಲಿ ಇಂದಿಗೂ ಏಕಾಭಿಪ್ರಾಯವಿಲ್ಲ. ಬಲಗಡೆಯ ಫುಪ್ಫುಸವೆಂದು ಕೆಲವರು, ಶ್ವಾಸನಾಳವೆಂದು ಕೆಲವರು, ಪಿತ್ತಕೋಶವೆಂದೂ ಮೇದೋಜೀರಕಗ್ರಂಥಿಯೆಂದೂ ಮತ್ತೆ ಕೆಲವರು ಪ್ರತಿಪಾದಿಸಿದ್ದಾರೆ. ಬಲಗಡೆಯ ಫುಪ್ಫುಸವೆಂಬ ಪಕ್ಷವನ್ನು ಒಪ್ಪಿದರೆ, ಒಂದೇ ಜಾತಿಯ ಎರಡು ಅಂಗಗಳಿಗೆ ಎರಡು ಹೆಸರುಗಳಿದ್ದುವೆಂದಾಗುತ್ತದೆ.

ಅವಯವವನ್ನು ಉಸಿರಿನೊಡನೆ ಸ್ಪಷ್ಟವಾಗಿ ಜೋಡಿಸಿದ ಮಾತು ಶಾರ್ಙ್ಗಧರಸಂಹಿತೆಯಲ್ಲಿ ಸಿಗುತ್ತದೆ. ಸುಮಾರು ಕ್ರಿ. ಶ. ೧೩–೧೪ನೆಯ ಶತಮಾನದ ಆ ಗ್ರಂಥದ ಪೂರ್ವಖಂಡದಲ್ಲಿ ಫುಪ್ಫುಸವು ಉದಾನವಾಯುವಿಗೆ ಆಧಾರವೆಂದು ಹೇಳಿದೆ. ಅಲ್ಲದೆ ನಾಭಿಯಲ್ಲಿರುವ ಪ್ರಾಣವಾಯುವು ಹೃದಯಕಮಲವನ್ನು ಮುಟ್ಟಿ, ಕಂಠದ ಮೂಲಕ ಹೊರಗೆ ಹೋಗಿ, ಆಕಾಶದ ಅಮೃತವನ್ನು ಕುಡಿದು, ವೇಗವಾಗಿ ಹಿಂದಿರುಗಿ ದೇಹವನ್ನೂ ಜಠರಾಗ್ನಿಯನ್ನೂ ಪೋಷಿಸುವುದೆಂದು ವರ್ಣಿಸಿದೆ. ಹೊರಗಿನ ಗಾಳಿಯಲ್ಲಿ ದೇಹಪೋಷಕವಾದ ಯಾವುದೋ ಒಂದು ಸತ್ತ್ವವಿದೆಯೆಂಬ ಭಾವನೆಯು ಇಲ್ಲಿ ಮೂಡಿದೆ. ಇದರಿಂದ ಪ್ರಾಚೀನರಿಗೆ ಆಮ್ಲಜನಕವು ತಿಳಿದಿದ್ದಿತೆಂದು ಹೇಳುವುದು ಅತಿಪ್ರಸಂಗ. ಆ ವಾಯುವಿನ ಶೋಧವು ಕ್ರಿ. ಶ. ೧೮ನೆಯ ಶತಮಾನದ್ದು. ಶಾರ್ಙ್ಗಧರನಲ್ಲಿ ಇರುವುದು ಉಸಿರಾಟವು ದೇಹವನ್ನು ಪೋಷಿಸುವುದೆಂಬ ಅನುಭವದ ಕಾವ್ಯಮಯವಾದ ನಿರೂಪಣೆ.

ಹೀಗೆ ಅವಯವವು ಗೊತ್ತಿದ್ದರೂ ಅದರ ಕರ್ಮವು ಗೊತ್ತಿಲ್ಲದುದರಿಂದ, ಬೃಹತ್ತ್ರಯಿಯಲ್ಲಿ ಫುಪ್ಫುಸರೋಗವೆಂಬ ಅಧ್ಯಾಯವೇ ಇಲ್ಲ. ಇಂದು ಆ ಹೆಸರಿನಲ್ಲಿ ಬರುವ ರೋಗಗಳು ಅಲ್ಲಿ ಕಾಸ, ಶ್ವಾಸ, ಹಿಕ್ಕಾ, ಉರಃಕ್ಷತ, ರಾಜಯಕ್ಷ್ಮ ಎಂದು ಹರಡಿಕೊಂಡಿವೆ.

೪. ಕಾಸ ಮತ್ತು ಶ್ವಾಸ

ಕಾಸವೆಂದರೆ ಕೆಮ್ಮು. ಅದು ವಾತಜ, ಪಿತ್ತಜ, ಕಫಜ, ಕ್ಷತಜ, ಕ್ಷಯಜ ಎಂದು ಐದು ವಿಧ. ಮೊದಲಿನ ಮೂರು ದೋಷದಿಂದ, ನಾಲ್ಕನೆಯದು ಎದೆಯೊಳಗಿನ ಗಾಯದಿಂದ, ಐದನೆಯದು ಧಾತುಕ್ಷಯದಿಂದ ಹುಟ್ಟುವುದು. ಕೆಮ್ಮನ್ನು ಅಲಕ್ಷಿಸಿದರೆ ಅದೇ ಕ್ಷಯಕ್ಕೆ ದಾರಿಯಾಗುವುದೆಂಬ ಎಚ್ಚರಿಕೆಯು ಶಾಸ್ತ್ರದಲ್ಲಿದೆ.

ಶ್ವಾಸವು ಮಹಾಶ್ವಾಸ, ಊರ್ಧ್ವಶ್ವಾಸ, ಛಿನ್ನಶ್ವಾಸ, ತಮಕಶ್ವಾಸ, ಕ್ಷುದ್ರಶ್ವಾಸ ಎಂದು ಐದು ವಿಧ. ಇವುಗಳಲ್ಲಿ ಮೊದಲಿನ ಮೂರು ಮರಣಕಾಲದ ಉಸಿರಿನ ವಿಕಾರಗಳು. ಅವುಗಳನ್ನು ರೋಗವೆನ್ನುವುದಕ್ಕಿಂತ ಅರಿಷ್ಟವೆನ್ನುವುದು ಮೇಲು. ಕ್ಷುದ್ರವು ಆಯಾಸದಿಂದ ಬಂದು ತಾನಾಗಿ ಶಮಿಸುವ ಏದುಸಿರು. ಉಳಿದ ತಮಕವೇ ಕನ್ನಡದ ಉಬ್ಬಸ ಅಥವಾ ಗೂರಲು. ಚರಕನು ಕೊಡುವ ಇದರ ವರ್ಣನೆಯು ರೋಗಿಯ ಹಾಸಿಗೆಯ ಬಳಿ ಕುಳಿತು ನೋಡಿದವನ ವರ್ಣನೆ: ಗಂಟಲಲ್ಲಿ ಗುರುಗುರು ಶಬ್ದ, ಕಫವು ಹೊರಬಿದ್ದರೆ ಒಂದು ಗಳಿಗೆ ನೆಮ್ಮದಿ, ಮಲಗಿದರೆ ಪಾರ್ಶ್ವಗಳ ಹಿಡಿತ, ಕುಳಿತರೆ ಸುಖ, ಬಿಸಿಯಾದುದರಲ್ಲಿ ಇಚ್ಛೆ, ಹಣೆಯಲ್ಲಿ ಬೆವರು, ಮೋಡ ಕವಿದಾಗ, ಮಳೆ ಬಂದಾಗ, ಶೀತವಾದಾಗ, ಮೂಡಣ ಗಾಳಿ ಬೀಸಿದಾಗ ಉಲ್ಬಣ. ಇದು ಯಾಪ್ಯವೆಂದೂ, ಹೊಸದಾಗಿದ್ದರೆ ಮಾತ್ರ ಸಾಧ್ಯವೆಂದೂ ನಿರ್ಣಯ. ಇಂದಿನ ಆಸ್ತಮಾ ಎಂಬ ವ್ಯಾಧಿಯ ಲಕ್ಷಣಗಳಿಗೂ ಇದಕ್ಕೂ ಹೆಚ್ಚಿನ ಅಂತರವಿಲ್ಲ. ಇಲ್ಲಿ ಮಾತ್ರ ಹಳೆಯ ಹೆಸರನ್ನೂ ಹೊಸ ಹೆಸರನ್ನೂ ಸಮೀಕರಿಸುವುದಕ್ಕೆ ಹೆಚ್ಚಿನ ಅಡ್ಡಿಯಿಲ್ಲ.

ಶ್ವಾಸದ ಚಿಕಿತ್ಸೆಯಲ್ಲಿ ಕ್ರಮವು ಮುಖ್ಯ. ಉಪ್ಪು ಬೆರೆಸಿದ ಎಣ್ಣೆಯನ್ನು ಎದೆಗೆ ಸವರಿ, ಸ್ವೇದನದಿಂದ ಶಾಖ ಕೊಟ್ಟು, ಗಟ್ಟಿಯಾದ ಕಫವನ್ನು ಕರಗಿಸುವುದು ಮೊದಲನೆಯದು. ಕರಗಿದ ಕಫವನ್ನು ವಮನದಿಂದ ಹೊರಗೆ ತರುವುದು ಎರಡನೆಯದು. ಅಳಿದುಳಿದುದನ್ನು ಔಷಧದ ಹೊಗೆಯಿಂದ ನಿವಾರಿಸುವುದು ಮೂರನೆಯದು. ಇಲ್ಲಿಯೂ ಬಲವಿರುವ ರೋಗಿಗೆ ಶೋಧನ, ದುರ್ಬಲನಿಗೆ ಶಮನ ಮತ್ತು ಪೋಷಣ ಎಂಬ ವಿವೇಕವನ್ನು ಶಾಸ್ತ್ರವು ಬಿಟ್ಟಿಲ್ಲ.

೫. ರಾಜಯಕ್ಷ್ಮ

ಅಮರನು ಕ್ಷಯ, ಶೋಷ, ಯಕ್ಷ್ಮಗಳನ್ನು ಪರ್ಯಾಯಗಳೆಂದು ಹೇಳಿದರೆ, ಸುಶ್ರುತನು ಒಂದೊಂದಕ್ಕೂ ಬೇರೆ ನಿರ್ವಚನವನ್ನು ಕೊಡುತ್ತಾನೆ: ರಸಾದಿ ಧಾತುಗಳನ್ನು ಒಣಗಿಸುವುದರಿಂದ ಶೋಷ, ಕ್ರಿಯೆಗಳನ್ನು ಕುಗ್ಗಿಸುವುದರಿಂದ ಕ್ಷಯ, ರಾಜನಾದ ಚಂದ್ರನನ್ನು ಹಿಡಿದುದರಿಂದ ರಾಜಯಕ್ಷ್ಮ. ವಾಗ್ಭಟನು ರೋಗರಾಜನೆಂಬ ನಾಲ್ಕನೆಯ ಹೆಸರನ್ನೂ ಹೇಳಿ, ಅನೇಕ ರೋಗಗಳು ಇದರ ಹಿಂದೆಯೂ ಮುಂದೆಯೂ ಬರುವುದರಿಂದ ಇದು ರೋಗಗಳಿಗೆ ರಾಜನೆಂದು ಸಮರ್ಥಿಸುತ್ತಾನೆ. ಗ್ರೀಕರು ಇದೇ ರೋಗಕ್ಕೆ ಇಟ್ಟ ಥೈಸಿಸ್ ಎಂಬ ಹೆಸರಿಗೂ ಸವೆಯುವಿಕೆಯೆಂದೇ ಅರ್ಥ. ಎರಡು ದೇಶಗಳಲ್ಲಿಯೂ ರೋಗಿಯ ಸೊರಗುವಿಕೆಯೇ ಮೊದಲು ಕಣ್ಣಿಗೆ ಬಿದ್ದಿತು.

ಕಾರಣಗಳು ನಾಲ್ಕು: ಬಲಮೀರಿದ ಸಾಹಸ, ಮಲಮೂತ್ರಾದಿ ವೇಗಗಳ ತಡೆ, ಧಾತುಕ್ಷಯ, ವಿಷಮಾಶನ. ತನಗಿಂತ ಬಲಿಷ್ಠನೊಡನೆ ಹೋರಾಡುವುದು, ದೊಡ್ಡ ಬಿಲ್ಲನ್ನು ಎಳೆಯುವುದು, ಅತಿಭಾರವನ್ನು ಹೊರುವುದು ಮೊದಲಾದುವು ಸಾಹಸಕ್ಕೆ ಉದಾಹರಣೆಗಳು. ಲಕ್ಷಣಗಳನ್ನು ಮೂರು, ಆರು, ಹನ್ನೊಂದು ಎಂದು ಗುಂಪು ಮಾಡಿದೆ. ಹೆಗಲು ಮತ್ತು ಪಾರ್ಶ್ವಗಳ ಬೇನೆ, ಕೈಕಾಲುಗಳ ಉರಿ, ಸರ್ವಾಂಗಜ್ವರ ಇವು ಮೂರು. ಕೆಮ್ಮು, ಜ್ವರ, ಪಾರ್ಶ್ವಶೂಲೆ, ಸ್ವರಭೇದ, ಮಲವಿಕಾರ, ಅರುಚಿ ಇವು ಆರು. ರಕ್ತವನ್ನೂ ಕಫವನ್ನೂ ಕಾರುವುದು, ಶ್ವಾಸ, ಶಿರಃಶೂಲೆ ಮೊದಲಾದುವು ಸೇರಿ ಹನ್ನೊಂದು. ಆದರೆ ಸಾಧ್ಯಾಸಾಧ್ಯತೆಯು ಲಕ್ಷಣಗಳ ಎಣಿಕೆಯನ್ನು ಅವಲಂಬಿಸಿಲ್ಲ. ಮಾಂಸವೂ ಬಲವೂ ಕ್ಷೀಣಿಸಿದ್ದರೆ ಮೂರೇ ಲಕ್ಷಣಗಳಿದ್ದರೂ ಬಿಡಬೇಕು; ಅವು ಉಳಿದಿದ್ದರೆ ಹನ್ನೊಂದೂ ಇದ್ದರೂ ಚಿಕಿತ್ಸಿಸಬೇಕು ಎಂಬುದು ಚರಕನ ನಿಯಮ. ಪ್ರಾಚೀನ ಚಿಕಿತ್ಸೆಯ ತಿರುಳು ಈ ಒಂದು ನಿಯಮದಲ್ಲಿದೆ.

ಇದಕ್ಕೆ ಕಾರಣವೇನೆಂದರೆ, ಕಫದಿಂದ ಸ್ರೋತಸ್ಸುಗಳು ಮುಚ್ಚಿಹೋಗಿ ಉಂಡ ಅನ್ನದ ರಸವು ರಕ್ತವಾಗಿಯೂ ಮಾಂಸವಾಗಿಯೂ ಪರಿಣಮಿಸದೆ ಬಹುಪಾಲು ಮಲವಾಗಿಯೇ ಹೋಗುತ್ತದೆಯೆಂದು ಶಾಸ್ತ್ರದ ಅಭಿಪ್ರಾಯ. ಆದುದರಿಂದ ಈ ರೋಗಿಗೆ ಮಲವೇ ಬಲವೆಂದು ಹೇಳಿ, ವಿರೇಚನದಿಂದ ಅದನ್ನು ಕಳೆಯಬಾರದೆಂದು ಆಚಾರ್ಯರು ತಡೆದಿದ್ದಾರೆ.

ಇಲ್ಲಿ ಒಂದು ಆಶಂಕೆ: ರೋಗವು ಒಬ್ಬರಿಂದೊಬ್ಬರಿಗೆ ಅಂಟುವುದೆಂಬುದು ಪ್ರಾಚೀನರಿಗೆ ತಿಳಿದಿದ್ದಿತೆ? ಇದಕ್ಕೆ ಸಮಾಧಾನವು ಸುಶ್ರುತನ ನಿದಾನಸ್ಥಾನದ ಐದನೆಯ ಅಧ್ಯಾಯದ ಕೊನೆಯಲ್ಲಿದೆ. ಅಲ್ಲಿ ಕುಷ್ಠ, ಜ್ವರ, ಶೋಷ, ನೇತ್ರಾಭಿಷ್ಯಂದ ಇವು ನರನಿಂದ ನರನಿಗೆ ಸಂಕ್ರಮಿಸುವ ಔಪಸರ್ಗಿಕರೋಗಗಳೆಂದು ಎಣಿಸಲ್ಪಟ್ಟಿವೆ. ಸಂಕ್ರಮಣದ ದಾರಿಗಳೆಂದರೆ ಸಂಗ, ಮೈಮುಟ್ಟುವುದು, ನಿಃಶ್ವಾಸ, ಸಹಭೋಜನ, ಒಂದೇ ಹಾಸಿಗೆ ಮತ್ತು ಆಸನ, ಒಬ್ಬರ ವಸ್ತ್ರ ಮಾಲ್ಯ ಗಂಧಗಳನ್ನು ಇನ್ನೊಬ್ಬರು ಬಳಸುವುದು. ನಿಃಶ್ವಾಸವನ್ನು ಹೇಳಿರುವುದು ವಿಶೇಷವಾಗಿ ಗಮನಾರ್ಹ. ಆದರೆ ಈ ಮಾತು ಕುಷ್ಠಪ್ರಕರಣದಲ್ಲಿದೆಯೇ ಹೊರತು ಉತ್ತರತಂತ್ರದ ಶೋಷಪ್ರಕರಣದಲ್ಲಿಲ್ಲ. ರೋಗಿಯನ್ನು ಬೇರೆಯಿರಿಸಬೇಕೆಂಬ ವಿಧಿಯೂ ಅಲ್ಲಿ ಹುಟ್ಟಲಿಲ್ಲ. ಕಣ್ಣು ಕಂಡುದನ್ನು ಸಿದ್ಧಾಂತವು ಪೂರ್ಣವಾಗಿ ಒಳಗೊಳ್ಳಲಿಲ್ಲವೆನ್ನಬೇಕು. ಯೂರೋಪಿನಲ್ಲಿ ಫ್ರಾಕಾಸ್ಟೊರೊ ೧೫೪೬ರಲ್ಲಿ ಸಂಕ್ರಾಮಿಕತೆಯನ್ನು ಪ್ರತಿಪಾದಿಸಿದನು. ವಿಲ್ಮಾ ೧೮೬೫ರಲ್ಲಿ ಪ್ರಯೋಗದಿಂದ ತೋರಿಸಿದನು. ಕಾಖನು ೧೮೮೨ರಲ್ಲಿ ಕ್ಷಯಾಣುವನ್ನೇ ಕಂಡುಹಿಡಿದನು. ಅಲ್ಲಿಯವರೆಗೆ ಅಲ್ಲಿಯೂ ಈ ವಿಷಯದಲ್ಲಿ ವಾದವು ತೀರಿರಲಿಲ್ಲ.

೬. ಬೃಂಹಣಚಿಕಿತ್ಸೆ

ಕ್ಷಯಿಸುವ ದೇಹವನ್ನು ತುಂಬುವುದೇ ರಾಜಯಕ್ಷ್ಮಚಿಕಿತ್ಸೆಯ ಮುಖ್ಯಾರ್ಥ. ಇದಕ್ಕೆ ಬೃಂಹಣವೆಂದು ಸಂಜ್ಞೆ. ಹಾಲು, ತುಪ್ಪ, ಮಾಂಸರಸ, ಮದ್ಯ ಇವು ಅದರ ಅಂಗಗಳು. ಮಾಂಸಕ್ಷಯಕ್ಕೆ ಮಾಂಸವೇ ಮದ್ದು. ಮದ್ಯವು ತನ್ನ ತೀಕ್ಷ್ಣತೆಯಿಂದ ಮುಚ್ಚಿದ ಸ್ರೋತಸ್ಸುಗಳನ್ನು ತೆರೆಯುವುದು ಎಂಬುದು ಯುಕ್ತಿ. ರೋಗಿಯು ಒಲ್ಲದ ಪ್ರಾಣಿಗಳ ಮಾಂಸವನ್ನು ಅವನಿಗೆ ಪ್ರಿಯವಾದ ಬೇರೆ ಮಾಂಸದ ಹೆಸರು ಹೇಳಿ ಬಡಿಸಬೇಕೆಂದು ಕೂಡ ಚರಕನು ವಿಧಿಸಿದ್ದಾನೆ. ತಿಳಿದರೆ ರೋಗಿಯು ಉಣ್ಣನು, ಉಂಡರೂ ಕಾರುವನು ಎಂಬುದು ಕಾರಣ. ಸುಶ್ರುತನು ಆಡಿನ ಹಾಲು, ತುಪ್ಪ, ಮಾಂಸ ಮೊದಲಾದುವನ್ನು ಹೇಳಿ ಆಡುಗಳ ಕೊಟ್ಟಿಗೆಯಲ್ಲಿ ವಾಸಿಸುವುದನ್ನೂ ಸೇರಿಸುತ್ತಾನೆ.

ಔಷಧಿಗಳಲ್ಲಿ ವಾಸಾ ಎಂಬ ಆಡುಸೋಗೆ, ಕಂಟಕಾರಿಯೆಂಬ ನೆಲಗುಳ್ಳ, ಹಿಪ್ಪಲಿ, ನೆಲ್ಲಿ, ಅಳಲೆ ಇವು ಪ್ರಧಾನ. ರಕ್ತ ಬೀಳುವ ಕೆಮ್ಮಿನಲ್ಲಿ ಆಡುಸೋಗೆಯಷ್ಟು ಪ್ರಶಸ್ತಿ ಪಡೆದ ಮೂಲಿಕೆಯು ಬೇರೊಂದಿಲ್ಲ. ಇದು ಗ್ರಂಥಗಳಲ್ಲಿ ಮಾತ್ರ ಉಳಿದ ಮಾತಲ್ಲ. ಚೋಳ ವೀರರಾಜೇಂದ್ರನ ಕಾಲದ ತಿರುಮುಕ್ಕೂಡಲ್ ಶಾಸನವು ೧೫ ಹಾಸಿಗೆಗಳುಳ್ಳ ಆತುರಶಾಲೆಯೊಂದನ್ನು ವರ್ಣಿಸಿ, ಅಲ್ಲಿ ಸಂಗ್ರಹದಲ್ಲಿರಬೇಕಾದ ಔಷಧಗಳ ಪಟ್ಟಿಯಲ್ಲಿ ವಾಸಾಹರೀತಕಿಯನ್ನು ಹೆಸರಿಸಿದೆ. ಚರಕೋಕ್ತವಾದ ಸಿತೋಪಲಾದಿಚೂರ್ಣದಲ್ಲಿ ಕಲ್ಲುಸಕ್ಕರೆ ೧೬ ಭಾಗ, ಬಿದಿರಿನ ಗಿಣ್ಣಿನೊಳಗೆ ದೊರೆಯುವ ವಂಶರೋಚನ ೮ ಭಾಗ, ಹಿಪ್ಪಲಿ ೪ ಭಾಗ, ಏಲಕ್ಕಿ ೨ ಭಾಗ, ದಾಲಚಿನ್ನಿ ೧ ಭಾಗ. ಜೇನು ತುಪ್ಪಗಳು ಅನುಪಾನ. ಒಂದರಿಂದೊಂದು ಇಮ್ಮಡಿಯಾಗುವ ಈ ಪ್ರಮಾಣವು ಬರಹವಿಲ್ಲದೆಯೂ ನೆನಪಿನಲ್ಲಿ ನಿಲ್ಲುವಂತಹುದು.

೭. ಕರ್ಣಾಟಕದ ವೈದ್ಯರು

ಈ ಬೃಂಹಣಚಿಕಿತ್ಸೆಯು ಕರ್ಣಾಟಕದಲ್ಲಿ ಒಂದು ಧರ್ಮಸಂಕಟವನ್ನು ಎದುರಿಸಬೇಕಾಯಿತು. ಇಲ್ಲಿ ವೈದ್ಯಗ್ರಂಥಗಳನ್ನು ರಚಿಸಿದವರಲ್ಲಿ ಅನೇಕರು ಜೈನರು. ಮದ್ಯ, ಮಾಂಸ, ಮಧು ಮೂರೂ ಅವರಿಗೆ ವರ್ಜ್ಯ. ರೋಗರಾಜನಿಗೆ ಮಾಂಸವೂ ಮದ್ಯವೂ ಮುಖ್ಯೌಷಧವೆಂದು ಚರಕನು ಹೇಳಿರುವಾಗ, ಅವೆರಡನ್ನೂ ಬಿಟ್ಟು ಚಿಕಿತ್ಸಿಸುವ ಬಗೆ ಯಾವುದು?

ಉಗ್ರಾದಿತ್ಯಾಚಾರ್ಯನ ಕಲ್ಯಾಣಕಾರಕವು ಈ ಪ್ರಶ್ನೆಯನ್ನು ನೇರವಾಗಿ ಎತ್ತಿಕೊಂಡಿತು. ಶ್ರೀನಂದಿಯ ಶಿಷ್ಯನಾದ ಇವನು ಈ ಸಂಸ್ಕೃತಗ್ರಂಥದ ಕೊನೆಯಲ್ಲಿ ಹಿತಾಹಿತಾಧ್ಯಾಯವೆಂಬ ಪ್ರಕರಣವನ್ನು ಸೇರಿಸಿ, ನೃಪತುಂಗವಲ್ಲಭನ ಸಭೆಯಲ್ಲಿ ಮಾಂಸಭಕ್ಷಣವಾದಿಗಳಾದ ವೈದ್ಯರ ಎದುರಿನಲ್ಲಿ ಔಷಧಕ್ಕೂ ಮಾಂಸವು ನಿಷ್ಪ್ರಯೋಜಕವೆಂಬ ಪಕ್ಷವನ್ನು ಪ್ರತಿಪಾದಿಸಿದುದನ್ನು ತಿಳಿಸುತ್ತಾನೆ. ಈ ನೃಪತುಂಗನು ರಾಷ್ಟ್ರಕೂಟ ಅಮೋಘವರ್ಷನೆಂದು ವಿದ್ವಾಂಸರ ಅಭಿಪ್ರಾಯ. ಅಂತಾದರೆ ಕವಿರಾಜಮಾರ್ಗವು ಹುಟ್ಟಿದ ಸಭೆಯಲ್ಲಿಯೇ ಈ ವೈದ್ಯವಾದವೂ ನಡೆದಂತಾಯಿತು. ಈ ಗ್ರಂಥವು ೧೯೪೦ರಲ್ಲಿ ಸೊಲ್ಲಾಪುರದಿಂದ ಅಚ್ಚಾಗಿ ಹೊರಬಂದಿತು. ಕ್ರಿ. ಶ. ೧೧೫೦ರ ಸುಮಾರಿನ ಜಗದ್ದಳ ಸೋಮನಾಥನು ಪೂಜ್ಯಪಾದರ ಕಲ್ಯಾಣಕಾರಕವನ್ನು ಕನ್ನಡಕ್ಕೆ ತಂದನು. ಕರ್ಣಾಟಕಕಲ್ಯಾಣಕಾರಕವೆಂಬ ಆ ಗ್ರಂಥದ ಚಿಕಿತ್ಸೆಯೂ ಮದ್ಯಮಾಂಸಮಧುವರ್ಜಿತವಾದುದು.

ಮಾಂಸವನ್ನು ಬಿಟ್ಟರೆ ಬೃಂಹಣವು ಬರಿದಾಗುವುದೆಂದು ಭಾವಿಸಬಾರದು. ಶಾಸ್ತ್ರೋಕ್ತವಾದ ಹಾಲು, ತುಪ್ಪ, ಔಷಧಸಿದ್ಧವಾದ ಘೃತಗಳು, ಗೋದಿ ಅಕ್ಕಿಗಳ ಗಂಜಿ, ನೆಲ್ಲಿ ಮತ್ತು ಅಳಲೆಯ ಲೇಹಗಳು ನಿಷಿದ್ಧವಲ್ಲ. ಜೇನಿನ ಸ್ಥಾನವನ್ನು ಸಕ್ಕರೆ ಬೆಲ್ಲಗಳು ತುಂಬಬಲ್ಲುವು. ಆದುದರಿಂದ ಜೈನವೈದ್ಯವು ಬೃಂಹಣವನ್ನು ಬಿಡಲಿಲ್ಲ. ಬೃಂಹಣದ ಸಾಧನವನ್ನು ಬದಲಿಸಿತು. ಸಿದ್ಧಾಂತವನ್ನು ಉಳಿಸಿಕೊಂಡು ದ್ರವ್ಯವನ್ನು ಮಾರ್ಪಡಿಸುವ ಈ ಸ್ವಾತಂತ್ರ್ಯವನ್ನು ಅವರು ಸಭೆಯಲ್ಲಿ ವಾದಿಸಿ ಸಂಪಾದಿಸಿದರೆಂಬುದು ಕರ್ಣಾಟಕದ ವೈದ್ಯಚರಿತ್ರೆಯಲ್ಲಿ ಸ್ಮರಣಾರ್ಹವಾದ ಸಂಗತಿ.

ವೈದ್ಯವು ಅರಮನೆಯಿಂದಾಚೆಗೂ ಹರಡಿದ್ದಿತೆಂಬುದಕ್ಕೆ ಬಳ್ಳಿಗಾವೆಯ ಶಾಸನವು ಸಾಕ್ಷಿ. ಅಲ್ಲಿನ ಕೇದಾರೇಶ್ವರದೇವಾಲಯಕ್ಕೆ ಸೇರಿದ ಕೋಡಿಯಮಠವನ್ನು ೧೧೬೨ರ ಶಾಸನವು ವರ್ಣಿಸುತ್ತ, ಅದು ಕೌಮಾರ ಪಾಣಿನೀಯ ಶಾಕಟಾಯನಾದಿ ವ್ಯಾಕರಣಗಳ ವ್ಯಾಖ್ಯಾನಸ್ಥಾನ, ಕಾವ್ಯನಾಟಕಗಳ ಪಠನಸ್ಥಾನ, ದೀನರಿಗೂ ಅನಾಥರಿಗೂ ಕುರುಡರಿಗೂ ಕಿವುಡರಿಗೂ ಅನ್ನದಾನದ ಸ್ಥಾನ, ಅನಾಥರಾದ ರೋಗಿಗಳ ನಾನಾವ್ಯಾಧಿಗಳಿಗೆ ಭೈಷಜ್ಯಸ್ಥಾನ ಎಂದು ಹೇಳುತ್ತದೆ. ಅನ್ನವೂ ಔಷಧವೂ ಒಂದೇ ಸ್ಥಳದಲ್ಲಿ ಅನಾಥರಿಗೆ ದೊರೆಯುತ್ತಿದ್ದುವು. ರೋಗರಾಜನಂತಹ ವ್ಯಾಧಿಗೆ ಇವೆರಡೂ ಜೊತೆಯಾಗಿ ಬೇಕೆಂಬುದನ್ನು ಮೇಲೆ ಹೇಳಿದುದರಿಂದ ಊಹಿಸಬಹುದು.

೮. ಮುಂಡಗೋಡದ ಸೀಮೆ

ಬನವಾಸಿ, ಹಾನಗಲ್ಲುಗಳಿಗೆ ಅನತಿದೂರದಲ್ಲಿ, ಮಲೆನಾಡು ಬಯಲುಸೀಮೆಗೆ ಇಳಿಯುವ ಸ್ಥಳದಲ್ಲಿ ಮುಂಡಗೋಡ ತಾಲೂಕಿನ ಇಂದೂರ ಮತ್ತು ಅದರ ನೆರೆಯ ಗ್ರಾಮಗಳಿವೆ. ಇಲ್ಲಿಂದ ಯಲ್ಲಾಪುರ, ಹಳಿಯಾಳ, ಜೋಯಿಡಾಗಳ ಕಡೆಗೆ ಹಬ್ಬಿದ ಕಾಡಿನಲ್ಲಿ ಬಿದಿರೂ, ಘಟ್ಟದ ಸೀಮೆಯಲ್ಲಿ ಹಿಪ್ಪಲಿ, ಏಲಕ್ಕಿ, ಕಾಡುದಾಲಚಿನ್ನಿಗಳೂ ಬೆಳೆಯುತ್ತವೆ. ಆಡುಸೋಗೆಯು ಬೇಲಿಯ ಗಿಡ. ಸಿತೋಪಲಾದಿಗೆ ಬೇಕಾದ ದ್ರವ್ಯಗಳು ಹಿಮಾಲಯದಿಂದ ಬರಬೇಕಾಗಿಲ್ಲ. ಇದೇ ಜಿಲ್ಲೆಯ ದಕ್ಷಿಣಭಾಗದಲ್ಲಿ, ಸಂಗೀತಪುರವೆಂಬ ಹಾಡುವಳ್ಳಿಯ ಸಾಳ್ವಮಲ್ಲನ ಆಶ್ರಯದಲ್ಲಿ ಕ್ರಿ. ಶ. ೧೬ನೆಯ ಶತಮಾನದಲ್ಲಿದ್ದ ಸಾಳ್ವಕವಿಯು ರಸರತ್ನಾಕರ, ಸಾಳ್ವಭಾರತಗಳಲ್ಲದೆ ವೈದ್ಯಸಾಂಗತ್ಯವನ್ನೂ ರಚಿಸಿದನು. ಸಾಂಗತ್ಯವು ಹಾಡುವ ಬಂಧ. ವೈದ್ಯವನ್ನು ಅದರಲ್ಲಿ ಹೇಳಿದುದು ಕಂಠಪಾಠಕ್ಕೆ ಅನುಕೂಲವಾಗಲೆಂದೇ ಇರಬೇಕು.

ಈ ಸೀಮೆಯಲ್ಲಿ ಇನ್ನೊಂದು ಆಶ್ಚರ್ಯಕರವಾದ ಸಂಗಮವು ೧೯೬೬ರಲ್ಲಿ ಸಂಭವಿಸಿತು. ಆ ವರ್ಷ ಮುಂಡಗೋಡದಲ್ಲಿ ಟಿಬೆಟಿನ ನಿರಾಶ್ರಿತರ ವಸತಿಯು ಆರಂಭವಾಯಿತು. ಅವರೊಡನೆ ಬಂದ ವೈದ್ಯಸಂಪ್ರದಾಯವು ಕರ್ಣಾಟಕಕ್ಕೆ ಪೂರ್ತಿ ಪರಕೀಯವಲ್ಲ. ಕನ್ನಡಕವಿಗಳು ಬಾಹಟವೆಂದು ಕರೆಯುವ ವಾಗ್ಭಟನ ಅಷ್ಟಾಂಗಹೃದಯವನ್ನು ರಿಂಚೆನ್ ಸಂಗ್ಪೊ ಎಂಬ ಮಹ­ಾಪಂಡಿತನ ಕಾಲದಲ್ಲಿ, ಕ್ರಿ. ಶ. ೧೧ನೆಯ ಶತಮಾನದಲ್ಲಿ, ಟಿಬೆಟಿನ ಭಾಷೆಗೆ ಪರಿವರ್ತಿಸಲಾಯಿತು. ಅಲ್ಲಿನ ಪ್ರಧಾನ ವೈದ್ಯಗ್ರಂಥವಾದ ಗ್ಯೂಷಿ ಎಂಬ ಚತುಸ್ತಂತ್ರವು ಅದಕ್ಕೆ ಬಹಳ ಋಣಿ. ಆದರೆ ಒಂದು ಮುಖ್ಯವಾದ ಭೇದವುಂಟು. ಚತುಸ್ತಂತ್ರದಲ್ಲಿ ಶ್ವಾಸಕೋಶವನ್ನು ಐದು ತಾಯಿಯೆಸಳು, ಐದು ಮಗುವಿನೆಸಳುಗಳುಳ್ಳ ಅಂಗವೆಂದು ವಿಭಾಗಿಸಿ, ಹೃದಯ ಯಕೃತ್ತು ಮೊದಲಾದ ಅಂಗರೋಗಗಳ ಸಾಲಿನಲ್ಲಿ ಶ್ವಾಸಕೋಶದ ರೋಗಗಳಿಗೆ ಪ್ರತ್ಯೇಕವಾದ ಅಧ್ಯಾಯವನ್ನು ಮೀಸಲಿಟ್ಟಿದೆ. ವಾಗ್ಭಟನಲ್ಲಿ ಇಲ್ಲದ ಅಧ್ಯಾಯವು ವಾಗ್ಭಟನ ಋಣವನ್ನು ಹೊತ್ತ ಗ್ರಂಥದಲ್ಲಿ ಕಾಣುವುದು ತೌಲನಿಕ ಅಧ್ಯಯನಕ್ಕೆ ಯೋಗ್ಯವಾದ ವಿಷಯ. ಒಂದೇ ಮೂಲದ ಎರಡು ಶಾಖೆಗಳು, ಒಂದು ಮಾಂಸವನ್ನು ಬಿಟ್ಟು ದಕ್ಷಿಣದಲ್ಲಿ ಬೆಳೆದುದು, ಇನ್ನೊಂದು ಅವಯವವನ್ನು ಹಿಡಿದು ಉತ್ತರದಲ್ಲಿ ಬೆಳೆದುದು, ಈಗ ಒಂದೇ ತಾಲೂಕಿನಲ್ಲಿ ಅಕ್ಕಪಕ್ಕದಲ್ಲಿವೆ. ನಿರಾಶ್ರಿತಜೀವನದ ಇಕ್ಕಟ್ಟಿನಲ್ಲಿ ಟಿಬೆಟಿನವರನ್ನು ಕ್ಷಯರೋಗವು ವಿಶೇಷವಾಗಿ ಪೀಡಿಸಿತೆಂಬುದೂ ಪ್ರಸಿದ್ಧವೇ. ಆದುದರಿಂದ ಇಲ್ಲಿ ಈ ವಿಚಾರವು ಗ್ರಂಥಮಾತ್ರವಾಗಿ ಉಳಿದಿಲ್ಲ.

೯. ನವೀನ ಪರೀಕ್ಷೆಯಲ್ಲಿ ಪ್ರಾಚೀನ ಸಿದ್ಧಾಂತ

ಲೆನೆಕ್ ಎಂಬ ಫ್ರೆಂಚ್ ವೈದ್ಯನು ೧೮೧೬ರಲ್ಲಿ ಎದೆಯ ಶಬ್ದವನ್ನು ನಳಿಗೆಯಿಂದ ಕೇಳುವ ಯಂತ್ರವನ್ನು ಕಲ್ಪಿಸಿದ ಮೇಲೆ ಶ್ವಾಸಕೋಶವು ರೋಗನಿರ್ಣಯದ ಕೇಂದ್ರವಾಯಿತು. ಆದರೂ ಔಷಧವು ಬರುವವರೆಗೆ ಚಿಕಿತ್ಸೆಯು ವಿಶ್ರಾಂತಿ, ಗಾಳಿ, ಆಹಾರ ಎಂಬ ಬೃಂಹಣವೇ ಆಗಿದ್ದಿತು. ಮೈಸೂರಿನಲ್ಲಿ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ಸ್ಮರಣಾರ್ಥವಾಗಿ ೧೯೨೧ರಲ್ಲಿ ಸ್ಥಾಪಿತವಾದ ಕ್ಷಯರೋಗಚಿಕಿತ್ಸಾಲಯವು ಆ ಯುಗಕ್ಕೆ ಸೇರಿದುದು. ೧೯೪೦ರ ದಶಕದಲ್ಲಿ ಸ್ಟ್ರೆಪ್ಟೊಮೈಸಿನ್ ದೊರೆತು ರೋಗಾಣುವನ್ನೇ ಕೊಲ್ಲುವುದು ಸಾಧ್ಯವಾಯಿತು. ಮದರಾಸಿನಲ್ಲಿ ನಡೆದು ೧೯೫೯ರಲ್ಲಿ ಪ್ರಕಟವಾದ ಪರೀಕ್ಷೆಯು, ಸರಿಯಾದ ಔಷಧವಿದ್ದರೆ ಬಡಮನೆಯಲ್ಲಿದ್ದ ರೋಗಿಯೂ ಚಿಕಿತ್ಸಾಲಯದಲ್ಲಿ ಚೆನ್ನಾಗಿ ಉಂಡ ರೋಗಿಯಂತೆಯೇ ಗುಣವಾಗುವನೆಂದು ತೋರಿಸಿತು. ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗಸಂಸ್ಥೆಯೂ ೧೯೫೯ರಲ್ಲಿಯೇ ಸ್ಥಾಪಿತವಾಯಿತು.

ಇದರಿಂದ ಬೃಂಹಣಸಿದ್ಧಾಂತವು ಬಿದ್ದುಹೋಯಿತೆ? ಬೃಂಹಣವು ಔಷಧದ ಸ್ಥಾನದಲ್ಲಿ ನಿಲ್ಲಲಾರದೆಂಬುದು ನಿಶ್ಚಯ. ಕ್ಷಯಾಣುವು ಹಾಲುತುಪ್ಪಗಳಿಂದ ಸಾಯುವುದಿಲ್ಲ. ಆದರೆ ಅದರ ತಿರುಳು ಸುಳ್ಳಲ್ಲ. ಮಂಗಳೂರಿನ ಯೇನೆಪೋಯ ವೈದ್ಯಕೀಯ ಮಹಾವಿದ್ಯಾಲಯದ ಅನುರಾಗ ಭಾರ್ಗವ, ಮಾಧವಿ ಭಾರ್ಗವ ಮೊದಲಾದವರು ಝಾರ್ಖಂಡದಲ್ಲಿ ನಡೆಸಿ ೨೦೨೩ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಕ್ಷಯರೋಗಿಗಳ ಮನೆಯವರಿಗೆ ಆಹಾರವನ್ನು ಒದಗಿಸಿದಾಗ ಅವರಲ್ಲಿ ಹೊಸದಾಗಿ ರೋಗವು ಹುಟ್ಟುವುದು ಶೇಕಡ ೩೯ರಷ್ಟು ಕಡಮೆಯಾಯಿತು. ವಿಷಮಾಶನವನ್ನೂ ಧಾತುಕ್ಷಯವನ್ನೂ ಕಾರಣಗಳಲ್ಲಿ ಎಣಿಸಿದ, ಮಾಂಸಬಲಗಳು ಉಳಿದವನು ಬದುಕುವನೆಂದ ಚರಕನ ಮಾತಿಗೆ ಇಲ್ಲಿ ಅರ್ಥಪುಷ್ಟಿಯು ದೊರೆತಿದೆ. ಭಾರತಸರ್ಕಾರವು ರೋಗಿಗಳ ಆಹಾರಕ್ಕಾಗಿ ೨೦೧೮ರಲ್ಲಿ ಆರಂಭಿಸಿದ ಧನಸಹಾಯಕ್ಕೆ ನಿ-ಕ್ಷಯ ಪೋಷಣವೆಂದು ಹೆಸರು. ಹಳೆಯ ಶಬ್ದವೇ ನಿಷೇಧಪೂರ್ವಕವಾಗಿ ಹೊಸ ಕಾರ್ಯಕ್ಕೆ ನಿಂತಿದೆ.

ಮೂಲಿಕೆಗಳ ವಿಷಯವೂ ಹೀಗೆಯೇ. ಆಡುಸೋಗೆಯ ವಾಸಿಸೀನ್ ಎಂಬ ಸತ್ತ್ವದ ಜಾಡನ್ನು ಹಿಡಿದು ಕಫವನ್ನು ತಿಳಿಗೊಳಿಸುವ ಬ್ರೊಮ್ಹೆಕ್ಸಿನ್ ಎಂಬ ಔಷಧವನ್ನು ಸಿದ್ಧಪಡಿಸಿದರು. ಹಿಪ್ಪಲಿ ಮೆಣಸುಗಳಲ್ಲಿರುವ ಪೈಪರೀನ್ ಎಂಬ ಸತ್ತ್ವವು ರಿಫಾಂಪಿಸಿನ್ ಎಂಬ ಕ್ಷಯೌಷಧವು ದೇಹಕ್ಕೆ ಹೆಚ್ಚಾಗಿ ಹಿಡಿಯುವಂತೆ ಮಾಡುವುದೆಂದು ಜಮ್ಮುವಿನ ಪ್ರಯೋಗಾಲಯದಲ್ಲಿ ತಿಳಿದುಬಂದಿತು. ಆದರೆ ಆಡುಸೋಗೆಯ ಕಷಾಯದಿಂದ ಕೆಮ್ಮು ಶಮಿಸಿತೆಂದು ಕ್ಷಯವು ಹೋಯಿತೆಂದು ತಿಳಿಯುವವನು ತನಗೂ ತನ್ನ ಮನೆಯವರಿಗೂ ಅಪಾಯವನ್ನು ತಂದುಕೊಳ್ಳುವನು. ಎರಡು ವಾರ ಮೀರಿದ ಕೆಮ್ಮಿಗೆ ಕಫಪರೀಕ್ಷೆಯೇ ಮೊದಲ ಕರ್ತವ್ಯ.

೧೦. ಉಪಸಂಹಾರ

ಮೇಲಿನ ವಿಚಾರದಿಂದ ಸಾಹಿತ್ಯದ ಅಧ್ಯಾಪಕರಿಗೆ ಉಪಯುಕ್ತವಾದ ಮೂರು ನಿರ್ಣಯಗಳು ದೊರೆಯುತ್ತವೆ. ಮೊದಲನೆಯದಾಗಿ, ವೇದದ ಯಕ್ಷ್ಮಕ್ಕೆ ವ್ಯಾಧಿಯೆಂದು ಅರ್ಥ ಹೇಳುವುದೇ ಯುಕ್ತ, ಟಿ.ಬಿ. ಎನ್ನುವುದು ಸಲ್ಲದು. ಎರಡನೆಯದಾಗಿ, ವೈದ್ಯಗ್ರಂಥಗಳ ರಾಜಯಕ್ಷ್ಮವು ಟಿ.ಬಿ. ರೋಗವನ್ನು ಒಳಗೊಂಡಿದೆ, ಆದರೆ ಅದಕ್ಕಿಂತ ವಿಸ್ತಾರವಾದುದು; ಅತಿಶ್ರಮ, ಉಪವಾಸ, ಬೇರೆ ದೀರ್ಘರೋಗಗಳಿಂದ ಸೊರಗಿದವರೂ ಆ ಹೆಸರಿನಲ್ಲಿ ಸೇರಿದ್ದಾರೆ. ಆದುದರಿಂದ ಸೊರಗುವ ರೋಗವೆಂದು ಹೇಳಿ ಅನಂತರ ವಿವರಿಸುವುದು ಲೇಸು. ಮೂರನೆಯದಾಗಿ, ಕಾವ್ಯದಲ್ಲಿ ಚಂದ್ರನ ಕ್ಷಯವನ್ನು ಹೇಳುವಲ್ಲಿ ರೋಹಿಣಿಯ ಕಥೆ, ರೋಗದ ಲಕ್ಷಣ, ಮತ್ತೆ ತುಂಬುವ ಆಶೆ ಈ ಮೂರೂ ಕವಿಯ ಮನಸ್ಸಿನಲ್ಲಿರಬಹುದೆಂಬುದನ್ನು ವಿದ್ಯಾರ್ಥಿಗಳಿಗೆ ತಿಳಿಸಬೇಕು.

ಪ್ರಾಚೀನರು ಅವಯವವನ್ನು ಕಂಡು ಅದರ ಕರ್ಮವನ್ನು ಕಾಣಲಿಲ್ಲ. ಸಂಕ್ರಮಣವನ್ನು ಕಂಡು ಅದರ ಬೀಜವನ್ನು ಕಾಣಲಿಲ್ಲ. ರೋಗಿಯ ಕ್ಷುಧೆಯನ್ನೂ ಸೊರಗುವಿಕೆಯನ್ನೂ ಮಾತ್ರ ಚೆನ್ನಾಗಿ ಕಂಡರು. ಕಂಡಷ್ಟನ್ನು ಕಂಡರೆಂದೂ, ಕಾಣದುದನ್ನು ಕಾಣಲಿಲ್ಲವೆಂದೂ ಹೇಳುವುದೇ ಅವರಿಗೆ ಸಲ್ಲುವ ಗೌರವ. ಕನ್ನಡದ ಹಳೆಯ ವೈದ್ಯಗ್ರಂಥಗಳ ಹಸ್ತಪ್ರತಿಗಳನ್ನು ಈ ದೃಷ್ಟಿಯಿಂದ ಪರಿಶೋಧಿಸಿದರೆ ಭಾಷೆಗೂ ವೈದ್ಯಚರಿತ್ರೆಗೂ ಪ್ರಯೋಜನವಾಗುವುದರಲ್ಲಿ ಸಂದೇಹವಿಲ್ಲ.